ಮಾಲ್ಡೀವ್ಸಿನ ಸನ್ಯಾಸಿಗೆ ಚನ್ನಪಟ್ಟಣದ ಚಿಪ್ಪು

ವಿಮಾನದಲ್ಲಿ

ಮಾತು ಬಿಟ್ಟವರ ಪಕ್ಕ ಕೂತು ವಿಮಾನದಲ್ಲಿ ಹೋಗಬಾರದು. ಬಸ್ಸಾದರೆ ಪರವಾಗಿಲ್ಲ, ಎದ್ದು ಬೇರೆ ಸೀಟಿಗೆ ಹೋಗಬಹುದು, ಕಂಡಕ್ಟರ್ ಹತ್ತಿರ ಜಗಳವಾಡಿ ಹೊತ್ತು ಕಳೆಯಬಹುದು, ತೀರಾ ತಡೆಯಲಾಗದಿದ್ದರೆ ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನಬಹುದು. ವಿಮಾನದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಕೂರಿಸಿಬಿಡುತ್ತಾರೆ. ನನ್ನ ಪಕ್ಕ ಕಿಟಕಿ ಕಡೆ ಕೂತಿದ್ದವಳು ನನ್ನ ವಾರಗಿತ್ತಿ ರತ್ನ, ಅಂದರೆ ಮೈದುನನ ಹೆಂಡತಿ. ಚನ್ನಪಟ್ಟಣದಲ್ಲಿ ನಾವು ಒಂದೇ ಮನೆಯಲ್ಲಿದ್ದೇವೆ, ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕದ ಲೇತ್‌ಗಳ ಮುಂದೆ ಕೂತು ಮರದ ಬೊಂಬೆ ಕಡೆಯುತ್ತೇವೆ, ಮೂರು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

ಕಾರಣ ಕೇಳಿದರೆ ನಗುತ್ತೀರಿ. ಅವಳ ಮಗಳ ಬೀಗರೂಟದ ದಿನ ನನ್ನ ಎಲೆಗೆ ಬರೀ ಮೂಳೆ ಬಿತ್ತು ಅಂತ ನನ್ನ ವಾದ. ಕೊನೇ ಪಂಕ್ತಿಗೆ ಬಂದು ಕೂತವರಿಗೆ ಪಾತ್ರೆಯಲ್ಲಿ ಉಳಿದಿದ್ದೇ ಬೀಳುವುದು ಅಂತ ಅವಳ ವಾದ. ಎರಡೂ ನಿಜ, ಅದೇ ತೊಂದರೆ. ಯಾರಾದರೂ ಒಬ್ಬರು ಸುಳ್ಳು ಹೇಳಿದ್ದರೆ ಯಾವತ್ತೋ ರಾಜಿಯಾಗಿರುತ್ತಿತ್ತು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ರಿವಾಜು ಇದೆ. ಮಾತು ನಿಂತರೂ ಮನೆಗೆಲಸ ನಿಲ್ಲಬಾರದು, ಹಾಗಾಗಿ ನಡುವೆ ಒಬ್ಬರನ್ನು ಇಟ್ಟುಕೊಳ್ಳಬೇಕು. ನಮ್ಮ ನಡುವೆ ಇದ್ದವರು ಅತ್ತೆ. "ಅತ್ತೆ, ಅರಗು ಮುಗ್ದೋಗೈತೆ ಅಂತ ಅವರಿಗೆ ಹೇಳ್ಬುಡಿ" ಅಂತ ಅವಳು; "ಅತ್ತೆ, ಮುಗಿಯೋಕೆ ಮುಂಚೆ ಹೇಳ್ಬೇಕು ಅಂತ ಅವರಿಗೂ ಹೇಳಿ" ಅಂತ ನಾನು. ಅತ್ತೆಗೆ ಎರಡೂ ಕಿವಿ ಕೇಳಿಸುವುದಿಲ್ಲ. ಅದಕ್ಕೆ ಇಬ್ಬರೂ ಕೂಗಿ ಹೇಳುತ್ತೇವೆ, ಬೀದಿಗೆಲ್ಲ ಕೇಳಿಸುತ್ತದೆ, ಅತ್ತೆಗೆ ಮಾತ್ರ ಕೇಳಿಸುವುದಿಲ್ಲ. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು.

ಹೊರಡುವ ವಾರ ಅದೇ ಅತ್ತೆಯ ಕಿವಿಗೆ ರತ್ನ ಇನ್ನೊಂದು ಸುದ್ದಿ ಕೂಗಿದಳು. "ಮಾಲ್ಡೀವ್ಸಿಂದ ಬಂದ್ಮೇಲೆ ನಾನು ಬೈರಾಪಟ್ಟಣಕ್ಕೆ ಹೋಯ್ತೀನತ್ತೆ. ನಮ್ಮ ತಮ್ಮನ ಮನೆ ಹಿಂದೆ ಶೆಡ್ ಹಾಕ್ಕೊಂಡು ಲೇತ್ ಅಲ್ಲಿಗೇ ಎತ್ಕೊಂಡು ಹೋಯ್ತೀನಿ." ಬೈರಾಪಟ್ಟಣ ಅವಳ ತವರು. ಅವಳ ಗಂಡನ ಮಾತು ಬಿಡಿ, ಅವಳು ಎಲ್ಲಿ ತಟ್ಟೆ ಹಾಕುತ್ತಾಳೋ ಅಲ್ಲಿ ಊಟಕ್ಕೆ ಕೂರುವ ಮನುಷ್ಯ ಅವನು.

ಗೋಡೆಯಾಚೆ ನಿಂತು ಕೇಳಿಸಿಕೊಂಡ ನಾನು ಕೈಯಲ್ಲಿದ್ದ ಉಳಿ ಕೆಳಗಿಟ್ಟೆ. ಅವಳ ಮೇಲೆ ನನಗೆ ಎಷ್ಟೇ ಕೋಪವಿರಲಿ, ಪಕ್ಕದಲ್ಲಿ ಅವಳ ಲೇತಿನ ಸದ್ದು ಇಲ್ಲದಿದ್ದರೆ ನನ್ನ ಕೈ ಓಡುವುದಿಲ್ಲ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಆದರೆ ಹಿರಿ ಸೊಸೆ ನಾನು, ಮೊದಲು ಬಾಯಿ ಬಿಟ್ಟರೆ ಆ ಮೂಳೆಯ ಕೇಸು ಸೋತ ಹಾಗೆ. ಅಷ್ಟರಲ್ಲಿ ಕರಕುಶಲ ಸಂಘದವರು, ಅರಗಿನ ಕೆಲಸ ಮಾಡುವ ಆ ದೇಶದವರ ಜೊತೆ ಕೂತು ಕಲಿತು ಕಲಿಸಿ ಬರಲಿ ಅಂತ ನಮ್ಮಿಬ್ಬರನ್ನೇ ಆರಿಸಿದರು. ಒಂದೇ ಮನೆಯವರು, ಒಂದೇ ರೂಮು ಸಾಕು ಎಂಬ ಲೆಕ್ಕ ಅವರದು. ಅತ್ತೆಗೆ ಪಾಸ್‌ಪೋರ್ಟ್ ಇರಲಿಲ್ಲ.

ದೋಣಿ ಇಳಿದ ಮೇಲೆ

ದ್ವೀಪದ ಹೆಸರನ್ನು ನಾನು ಹೇಳಿದರೆ ಅಲ್ಲಿಯವರೇ ನಗುತ್ತಿದ್ದರು, ಹಾಗಾಗಿ ಬರೆಯುವುದೂ ಬೇಡ. ಸ್ಪೀಡ್ ಬೋಟಿನಲ್ಲಿ ಹೋಗಬೇಕು. ನಾನು ಒಂದು ಕಡೆ ಬಗ್ಗಿ ವಾಂತಿ ಮಾಡಿದೆ, ರತ್ನ ಇನ್ನೊಂದು ಕಡೆ ಬಗ್ಗಿ ಮಾಡಿದಳು. ಅದರಲ್ಲೂ ನಾವು ಬದಿ ಹಂಚಿಕೊಂಡಿದ್ದೆವು.

ಊರು ಎಷ್ಟು ಚಪ್ಪಟೆ ಎಂದರೆ ರಾಮನಗರದ ಒಂದು ಬಂಡೆ ತಂದಿಟ್ಟರೆ ಅದೇ ಅವರಿಗೆ ಹಿಮಾಲಯವಾಗುತ್ತದೆ. ಬೀದಿಯೆಲ್ಲ ಬಿಳಿ ಮರಳು, ಬೆಳಿಗ್ಗೆ ಹೆಂಗಸರು ಅದನ್ನೇ ಗುಡಿಸುತ್ತಾರೆ. ಮರಳು ಗುಡಿಸಿದರೆ ಕೆಳಗೆ ಸಿಗುವುದು ಮತ್ತೆ ಮರಳೇ ಅಲ್ಲವೇ ಎಂದು ಕೇಳಬೇಕೆನಿಸಿತು, ಅತಿಥಿ ಅಂತ ಸುಮ್ಮನಿದ್ದೆ. ಬೀದಿಯಲ್ಲಿ ಒಂದೇ ಒಂದು ನಾಯಿ ಇಲ್ಲ. ಆ ದೇಶದಲ್ಲಿ ನಾಯಿ ಸಾಕುವ ಹಾಗೇ ಇಲ್ಲವಂತೆ. ಮೊದಲ ದಿನ ಆ ನಿಶ್ಶಬ್ದಕ್ಕೆ ನನಗೆ ನಿದ್ದೆಯೇ ಹತ್ತಲಿಲ್ಲ.

ನಮ್ಮನ್ನು ಮನೆಯಲ್ಲಿ ಇಳಿಸಿಕೊಂಡವಳು ಆಮಿನಾ. ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಗಂಡ ಅರಗಿನ ಕೆಲಸದವನು. ಸಿನಿಮಾ ನೋಡಿ ನೋಡಿ ಆಕೆಗೆ ಹಿಂದಿ ಬರುತ್ತಿತ್ತು. ನನಗೆ ಚನ್ನಪಟ್ಟಣದ ನಮ್ಮ ಬೀದಿಯ ಸಾಬರ ಮನೆಗಳಲ್ಲಿ ಕಲಿತ ಉರ್ದು ಬರುತ್ತಿತ್ತು. "ಹೌ" "ನಕ್ಕೋ" ಅಂತ ನಾನು ಶುರು ಮಾಡಿದ ಕೂಡಲೇ ಆಮಿನಾ ತಲೆಗೆ ಸುತ್ತಿದ ಬಟ್ಟೆಯ ತುದಿ ಬಾಯಿಗಿಟ್ಟುಕೊಂಡು ನಕ್ಕಳು, ಯಾವ ಹೀರೋಯಿನ್ನೂ ಹೀಗೆ ಮಾತಾಡಿದ್ದನ್ನು ಕೇಳಿಲ್ಲ ಅಂದಳು. ರತ್ನನಿಗೆ ಉರ್ದು ನನಗಿಂತ ಚೆನ್ನಾಗಿ ಬರುತ್ತದೆ, ಆದರೆ ನಾನು ಮಾತಾಡುವಾಗ ಅವಳು ಬಾಯಿ ಹಾಕುವಂತಿಲ್ಲವಲ್ಲ, ತಿದ್ದಲಾಗದೆ ಒದ್ದಾಡುತ್ತಿದ್ದಳು. ನನಗೆ ಅದೊಂದು ಖುಷಿ.

ಬೆಳಿಗ್ಗೆ ತಿಂಡಿಗೆ ತೆಂಗಿನ ತುರಿ ಈರುಳ್ಳಿ ಕಲಸಿದ್ದನ್ನು ರೊಟ್ಟಿಯ ಜೊತೆ ಕೊಟ್ಟರು. ಕೋಸಂಬರಿ ಎಂದುಕೊಂಡು ಬಾಯಿಗಿಟ್ಟರೆ ಮೀನು. ಮಧ್ಯಾಹ್ನವೂ ಮೀನು. ರಾತ್ರಿ ಬೇರೆ ಏನೋ ಕೊಡುತ್ತೇನೆ ಎಂದು ಕೊಟ್ಟ ಕರಿದ ಉಂಡೆಯೊಳಗೂ ಮೀನೇ ಕೂತಿತ್ತು.

ಕುರ್ಚಿ ಕಾಲು

ಸಂಜೆ ಅಂಗಳದಲ್ಲಿ ಆಮಿನಾ ಚಹಾ ಕೊಟ್ಟಳು. ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆ. ನಾನು ಸ್ವಲ್ಪ ತೂಕದ ಹೆಂಗಸು. ಕುರ್ಚಿ ಕಾಲಿನ ಕೆಳಗೆ ಏನೋ ಚಟ್ ಅಂದಿತು.

ಬಗ್ಗಿ ನೋಡಿದರೆ ಮುಷ್ಟಿ ಗಾತ್ರದ ಬಸವನಹುಳುವಿನ ಚಿಪ್ಪು, ಮೇಲಿನ ತುದಿ ಪುಡಿಯಾಗಿದೆ. ಖಾಲಿ ಚಿಪ್ಪು ಎಂದು ನೆಮ್ಮದಿಯಾಗುವಷ್ಟರಲ್ಲಿ ಅದರ ಬಾಯಿಂದ ಕಾಲುಗಳು ಬಂದವು. ಆಮೇಲೆ ಕಡ್ಡಿಯ ಮೇಲೆ ಸಿಕ್ಕಿಸಿದಂಥ ಎರಡು ಕಣ್ಣು ಬಂದು ನನ್ನನ್ನು ನೋಡಿದವು. ಕೊನೆಗೆ ಒಳಗಿದ್ದ ಪ್ರಾಣಿ ಪೂರ್ತಿ ಈಚೆಗೆ ಜಾರಿಕೊಂಡು ಬಂತು. ಮುಂದಿನ ಅರ್ಧ ಗಟ್ಟಿಮುಟ್ಟಾದ ಏಡಿ. ಹಿಂದಿನ ಅರ್ಧ ಮೆತ್ತಗೆ, ನುಣ್ಣಗೆ, ಬಲಕ್ಕೆ ಸುರುಳಿ ಸುತ್ತಿಕೊಂಡ ಹೊಟ್ಟೆ. ಮೀಸೆ ಬಿಟ್ಟು ಕೋಟು ಹಾಕಿಕೊಂಡ ರಾಯರೊಬ್ಬರು ಚಡ್ಡಿಯಿಲ್ಲದೆ ಬೀದಿಗೆ ಬಂದ ಹಾಗಿತ್ತು. ನಾನು ಮುಖ ತಿರುಗಿಸಿಕೊಂಡೆ.

"ಬರವೆಲಿ" ಅಂದಳು ಆಮಿನಾ. ಅಲ್ಲಿ ಅದಕ್ಕೆ ಹಾಗನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಕನ್ನಡದಲ್ಲಿ ಸನ್ಯಾಸಿ ಏಡಿ ಎಂದಿತ್ತು. ಯಾವ ಸನ್ಯಾಸಿ ಎಂದು ಆಮಿನಾಳನ್ನೇ ಕೇಳಿದೆ. ಹೊಟ್ಟೆಗೆ ಚಿಪ್ಪಿಲ್ಲದ ಕಾರಣ ಇದು ಸತ್ತ ಬಸವನಹುಳುವಿನ ಮನೆ ಹಿಡಿದು ಬದುಕುತ್ತದಂತೆ. ಬೆಳೆದ ಹಾಗೆ ಮನೆ ಸಾಲದೆ ಇನ್ನೊಂದನ್ನು ಹುಡುಕುತ್ತದಂತೆ. ಬೇರೆಯವರ ಮನೆ ಚೆನ್ನಾಗಿ ಕಂಡರೆ ಅವರನ್ನು ಎಳೆದು ಹೊರಗೆ ಹಾಕಿ ತಾನು ಸೇರಿಕೊಳ್ಳುವುದೂ ಉಂಟಂತೆ. ಮನೆಗೋಸ್ಕರ ಇಷ್ಟು ಬಡಿದಾಡುವವನಿಗೆ ಸನ್ಯಾಸಿ ಅಂತ ಹೆಸರಿಟ್ಟವನು ನಮ್ಮ ಕಡೆಯವನೇ ಇರಬೇಕು.

ಆಮಿನಾ ಶಾಲೆಯ ಮೇಡಂ ಆಗಿಬಿಟ್ಟಳು. ಅದನ್ನು ಒದ್ದೆ ಮರಳಿನ ಬಕೆಟ್ಟಿಗೆ ಹಾಕಿ, ಕಡ್ಡಿಯಲ್ಲಿ ತೋರಿಸುತ್ತ ಹೇಳಿದಳು. ಒಟ್ಟು ಹತ್ತು ಕಾಲು. ಮುಂದಿನ ಎರಡು ಕಾಲಲ್ಲ, ಇಕ್ಕಳ. ಎಡಗಡೆಯದು ದಪ್ಪ, ಬಲಗಡೆಯದು ಸಣ್ಣದು. ಸಣ್ಣ ಇಕ್ಕಳ ಊಟ ಎತ್ತಿ ಬಾಯಿಗಿಡಲು, ನೀರು ಮೊಗೆಯಲು. ದಪ್ಪ ಇಕ್ಕಳ ಜಗಳಕ್ಕೆ, ಮರ ಹತ್ತುವಾಗ ಹಿಡಿತಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲಿಗೆ. ಅಪಾಯ ಬಂದರೆ ಒಳಗೆ ಸರಿದು ಆ ಇಕ್ಕಳವನ್ನೇ ಚಿಪ್ಪಿನ ಬಾಯಿಗೆ ಅಡ್ಡ ಇಟ್ಟು ಮುಚ್ಚಿಕೊಳ್ಳುತ್ತದೆ. ಅದರ ಹಿಂದಿನ ನಾಲ್ಕು ಕಾಲು ನಡೆಯಲು. ಕೊನೆಯ ನಾಲ್ಕು ಮೋಟು ಕಾಲು ಹೊರಗೆ ಕಾಣುವುದೇ ಇಲ್ಲ, ಒಳಗಿನಿಂದ ಮನೆ ಹಿಡಿದುಕೊಂಡಿರುವುದೇ ಅವುಗಳ ಕೆಲಸ. ಇಕ್ಕಳ ಮುರಿದರೆ ಪೊರೆ ಬಿಡುವಾಗ ಮತ್ತೆ ಬೆಳೆಯುತ್ತದೆ. ಮನೆ ಮುರಿದರೆ ಬೆಳೆಯುವುದಿಲ್ಲ.

"ಈಗೇನಾಗುತ್ತೆ ಇದಕ್ಕೆ?" ಅಂತ ಕೇಳಿದೆ.

ಉಸಿರಾಡುವ ಭಾಗ ಒಣಗಿ ಒಂದೆರಡು ದಿನದಲ್ಲಿ ಸಾಯುತ್ತದೆ, ಅಷ್ಟರೊಳಗೆ ಬೇರೆ ಏಡಿಗಳು ಇಕ್ಕಳ ಹಾಕಿ ಹೊಟ್ಟೆ ಹರಿಯದಿದ್ದರೆ ಎಂದಳು. ಮೂವರೂ ದಡದ ಉದ್ದಕ್ಕೂ ಚಿಪ್ಪು ಹುಡುಕಿದೆವು. ಈ ಗಾತ್ರದ್ದು ಸಿಗುವುದೇ ಕಷ್ಟವಂತೆ, ಬಂದವರೆಲ್ಲ ಚೆಂದ ಅಂತ ಎತ್ತಿಕೊಂಡು ಹೋಗುತ್ತಾರೆ. ಸಿಕ್ಕಿದ ದೊಡ್ಡ ಚಿಪ್ಪುಗಳಲ್ಲೆಲ್ಲ ಜನ ಇದ್ದರು. ಒಬ್ಬನಂತೂ ಸ್ನೋ ಡಬ್ಬಿಯ ಮುಚ್ಚಳ ಹೊತ್ತು ಓಡಾಡುತ್ತಿದ್ದ.

ವಾಪಸು ಬಂದು ಬಕೆಟ್ ಮುಂದೆ ಕೂತಾಗ, ಮೂರು ವರ್ಷದಲ್ಲಿ ಮೊದಲ ಸಲ ಅತ್ತೆಯಿಲ್ಲದ ಜಾಗದಲ್ಲಿ ರತ್ನ ಬಾಯಿ ಬಿಟ್ಟಳು. ನನ್ನ ಜೊತೆಯಲ್ಲ. ಬಕೆಟ್ಟಿಗೆ ಕೈಮುಗಿದು, ನಮ್ಮ ಕಡೆ ಮಠದ ಸ್ವಾಮಿಗಳನ್ನು ಮಾತಾಡಿಸುವ ಹಾಗೆ, "ಅಡ್ಡಬಿದ್ದೆ ಬುದ್ಧಿ. ತಮ್ಮ ಮಠ ಕೆಡವಿದೋರಿಗೆ ಒಸಿ ಹೇಳ್ಬುಡಿ, ಕೂರೋಕೆ ಮುಂಚೆ ನೆಲ ನೋಡ್ಬೇಕು ಅಂತ" ಅಂದಳು.

ನಾನು ಬಿಡುತ್ತೇನೆಯೇ. "ಬುದ್ಧಿ, ಕೆಲವರಿಗೆ ಮನೆ ಬುಟ್ಟೋಗೋಕೆ ಕುರ್ಚಿ ಕಾಲೂ ಬ್ಯಾಡ ಅಂತ ಹೇಳಿ."

ಬುದ್ಧಿಯವರು ಸಣ್ಣ ಇಕ್ಕಳದಲ್ಲಿ ಮರಳು ಕೆದಕುತ್ತಿದ್ದರು. ಅತ್ತೆಗಿಂತ ಚೆನ್ನಾಗಿ ಕೇಳಿಸಿಕೊಂಡರು ಅನ್ನಿಸಿತು.

ಲೇತಿನ ಮುಂದೆ

ಮಾರನೆಯ ದಿನ ಕಾರ್ಯಾಗಾರ. ಅಲ್ಲಿಯವರು ಕೆಂಪು, ಕಪ್ಪು, ಹಳದಿ ಅರಗು ಹಚ್ಚಿ ಅದರ ಮೇಲೆ ಕೊರೆದು ಬಳ್ಳಿ ಬಿಡಿಸುತ್ತಾರೆ. ಅದನ್ನು ನೋಡಿ ಕಲಿಯಲೆಂದೇ ನಮ್ಮನ್ನು ಕಳಿಸಿದ್ದು. ನಾವು ಬಕೆಟ್ ಸಮೇತ ಹೋದೆವು. ಮೇಲೆ ಒದ್ದೆ ಬಟ್ಟೆ ಮುಚ್ಚಿದ್ದೆವು.

ನನಗೆ ಒಂದು ಯೋಚನೆ ಬಂದಿತ್ತು. ಊರಿಂದ ತಂದ, ನಾವು ಬೊಂಬೆ ಕಡೆಯುವ ಆಲೆ ಮರದ ತುಂಡು ಲೇತಿಗೆ ಕೊಟ್ಟು, ಒಂದು ಗಂಟೆಯೊಳಗೆ ಬುಗುರಿ ಆಕಾರದ ಒಂದು ಚಿಪ್ಪು ಕಡೆದೆ. ಒಳಗೆ ನೆಟ್ಟಗೆ ತೂತು ಕೊರೆದೆ. ಹಳದಿ ಅರಗು ಹಚ್ಚಿದ ಮೇಲೆ ಥಳಥಳ ಹೊಳೆಯಿತು. ಹೆಮ್ಮೆಯಿಂದ ಬಕೆಟ್ಟಿನಲ್ಲಿಟ್ಟೆ.

ಬುದ್ಧಿಯವರು ಮುಟ್ಟಿ ನೋಡಿದರು, ಮೂಸಿದರು, ಹಿಂದು ಹಿಂದಾಗಿ ಒಳಗೆ ಹೋದರು. ಎರಡು ಹೆಜ್ಜೆ ನಡೆದರು. ಮಠ ಅಲ್ಲೇ ಉಳಿಯಿತು, ಬುದ್ಧಿ ಮಾತ್ರ ಮುಂದೆ ಹೋದರು.

ರತ್ನ ನಗು ತಡೆಯಲಾರದೆ ಕೆಮ್ಮಿದಳು. "ಸೊಟ್ಟಗಿರೋ ಸ್ವಾಮಿಗೆ ನೆಟ್ಟಗಿರೋ ಮಠ ಯಾರು ಕಟ್ಟಿಸಿದ್ದು ಅಂತ ಕೇಳಿ ಬುದ್ಧಿ."

ತಪ್ಪು ಎಲ್ಲಿದೆ ಎಂದು ಆಮಿನಾ ತೋರಿಸಿದಳು. ಹೊಟ್ಟೆ ಬಲಕ್ಕೆ ತಿರುಗಿಕೊಂಡಿದೆ, ತುದಿಯಲ್ಲಿ ಒಂದು ಕೊಕ್ಕೆ ಇದೆ. ನಿಜವಾದ ಚಿಪ್ಪಿನ ನಡುವೆ ಒಂದು ಕಂಬ ಇರುತ್ತದೆ, ಸುರುಳಿ ಅದರ ಸುತ್ತ ಬಲಕ್ಕೇ ಏರುತ್ತದೆ. ಕೊಕ್ಕೆ ಆ ಕಂಬವನ್ನು ಹಿಡಿದುಕೊಂಡರೆ ಎಂಥವನು ಎಳೆದರೂ ಏಡಿ ಹರಿದೀತೇ ಹೊರತು ಬಾರದು. ಲೇತ್ ಎಷ್ಟೇ ತಿರುಗಿದರೂ ಸುರುಳಿ ತೂತು ಕೊರೆಯುವುದಿಲ್ಲ. ಇಷ್ಟು ವರ್ಷ ತಿರುಗಿಸುವುದೇ ಕಸುಬು ಮಾಡಿಕೊಂಡಿದ್ದ ನನಗೆ ಅದು ಹೊಳೆದಿರಲಿಲ್ಲ.

ರತ್ನ ನನ್ನ ಕಡೆ ನೋಡದೆ ಇನ್ನೊಂದು ಚಿಪ್ಪು ಕಡೆದಳು. ಅದನ್ನು ಉದ್ದಕ್ಕೆ ಗರಗಸದಲ್ಲಿ ಎರಡು ಹೋಳು ಮಾಡಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಬಕೆಟ್ಟಿನ ಅಂಚಿನ ಮೇಲಿಟ್ಟಳು. ಒಳಗಿನ ದಾರಿ ಕೆತ್ತಿ ಆಮೇಲೆ ಅರಗಿನಿಂದ ಅಂಟಿಸುವುದು ಎಂಬುದು ಉಪಾಯ. ನನಗೆ ಅರ್ಥವಾಯಿತು. ನನ್ನ ಹೋಳು ಎತ್ತಿಕೊಂಡೆ. ಇಬ್ಬರೂ ಬೆನ್ನು ತಿರುಗಿಸಿ ಕೂತು ಕೆತ್ತಿದೆವು. ಹೋಳು ಜೋಡಿಸಿದರೆ ದಾರಿ ಕೂಡಲೇ ಇಲ್ಲ. ಏಡಿ ಬಲಕ್ಕೆ ಅಂತ ಅವಳೂ ಬಲಕ್ಕೆ ಕೆತ್ತಿದ್ದಳು, ನಾನೂ ಬಲಕ್ಕೆ ಕೆತ್ತಿದ್ದೆ. ಎದುರುಬದುರು ಇಟ್ಟಾಗ ಒಂದು ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ ಹೋಗಬೇಕಲ್ಲ, ಮಾತಾಡುವವರಾಗಿದ್ದರೆ ಕೇಳಿಕೊಳ್ಳುತ್ತಿದ್ದೆವು.

ರತ್ನ ಇನ್ನೊಂದು ಚಿಪ್ಪು ಕಡೆದು ಸೀಳಿದಳು, ಇಬ್ಬರೂ ಹೊಸ ಹೋಳು ತೆಗೆದುಕೊಂಡೆವು. ಹಿರಿಯವಳು ನಾನು, ಹೋಗಲಿ, ನಾನೇ ಸೋಲುತ್ತೇನೆ ಎಂದುಕೊಂಡು ಈ ಸಲ ಎಡಕ್ಕೆ ಕೆತ್ತಿದೆ. ಕೆತ್ತುವಾಗ ನನಗೆ ಒಳ್ಳೆಯವಳು ಎನ್ನುವ ಭಾವನೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಜೋಡಿಸಿ ನೋಡಿದರೆ ಮತ್ತೆ ಕೂಡಲಿಲ್ಲ. ಅವಳೂ ಎಡಕ್ಕೆ ಕೆತ್ತಿದ್ದಳು.

ಆಮಿನಾಳ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಅವಳ ಹೋಳನ್ನೇ ನೋಡುತ್ತಿದ್ದೆ. ಇವಳೂ ಸೋಲೋಣ ಅಂದುಕೊಂಡಿದ್ದಳು. ಎಷ್ಟು ಸಲ ಹೀಗಾಗಿದೆಯೋ, ಒಂದೇ ದಿನ ಇಬ್ಬರೂ ಸೋಲಲು ಹೊರಟು ಇಬ್ಬರೂ ವಾಪಸು ಬಂದಿದ್ದೇವೋ ಎನ್ನಿಸಿತು.

ಅವಳಿಗೂ ಏನೋ ಆಗಿರಬೇಕು. ಬಕೆಟ್ ಕಡೆ ತಿರುಗಿ, "ಬುದ್ಧಿ, ಅವರು ಕೆತ್ತೋದು ನಿಲ್ಸಿ ಒಸಿ ಸುಮ್ಕಿರ್ಲಿ" ಅಂದಳು. ಧ್ವನಿ ಮೆತ್ತಗಿತ್ತು. ಮೂರನೆಯ ಚಿಪ್ಪು ಸೀಳಿ, ಒಂದು ಹೋಳು ನನ್ನ ಕೈಗಿಟ್ಟು ಇನ್ನೊಂದರಲ್ಲಿ ದಾರಿ ಕೆತ್ತಿದಳು, ದಾರಿಯ ಅಂಚಿಗೆ ಒಲೆಯ ಮಸಿ ಸವರಿದಳು. ಆಮೇಲೆ ನನ್ನ ಕೈಯಲ್ಲಿದ್ದ ಹೋಳಿನ ಮೇಲೆ ಅದನ್ನು ಒತ್ತಿದಳು. ನನ್ನ ಹೋಳಿನ ಮೇಲೆ ಗೆರೆ ಮೂಡಿತು. ನಾನು ಗೆರೆ ಹಿಡಿದು ಕೆತ್ತಿದೆ. ಕೊಕ್ಕೆ ಹಿಡಿಯಲು ನಡುವೆ ಕಂಬದ ಹಾಗೆ ಉಬ್ಬಿದ ಒಂದು ಏಣು ಉಳಿಸಿದೆವು.

ಬಾಗಿಲ ಅಳತೆ ತೆಗೆಯುವಾಗ ನಾನು ದಪ್ಪ ಇಕ್ಕಳಕ್ಕೆ ದಾರ ಸುತ್ತಲು ಹೋಗಿ ಬೆರಳು ಕಚ್ಚಿಸಿಕೊಂಡೆ. ನಮ್ಮ ಕೆರೆ ಏಡಿ ಕಚ್ಚಿ ಬಿಡುತ್ತದೆ. ಇದು ಕಚ್ಚಿ ಯೋಚನೆಗೆ ಕೂತಿತು. ಆಮಿನಾ ನೀರು ಸುರಿದ ಮೇಲೆ ಬಿಟ್ಟಿತು. ಅಳತೆಯಂತೂ ಸಿಕ್ಕಿತು, ನನ್ನ ಬೆರಳಿನ ಮೇಲೇ ಇತ್ತು.

ಗೃಹಪ್ರವೇಶ

ಹೋಳುಗಳನ್ನು ಬಿಸಿ ಅರಗಿನಿಂದ ಅಂಟಿಸಿ ಹೊರಗೆ ಕೆಂಪು ಹಚ್ಚಿದೆವು, ಒಳಗೆ ಬಣ್ಣ ಬೇಡ ಅಂತ ಬರೀ ನುಣುಪು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಬುದ್ಧಿಯವರು ಸೊರಗಿದ್ದರು, ಕಡ್ಡಿ ತಾಕಿಸಿದರೂ ಕಾಲು ಎತ್ತುತ್ತಿರಲಿಲ್ಲ. ನನ್ನ ಕುರ್ಚಿಯಿಂದ ಒಂದು ಜೀವ ಹೋಗುತ್ತದಲ್ಲ ಎಂದುಕೊಂಡು ಬಕೆಟ್ಟನ್ನು ನೆರಳಿಗೆ ಎಳೆದೆ. ರತ್ನ ಬೊಗಸೆಯಲ್ಲಿ ಸಮುದ್ರದ ನೀರು ತಂದು ಹನಿ ಹನಿಯಾಗಿ ಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮೀಸೆ ಅಲ್ಲಾಡಿತು. ಚಿಪ್ಪಿನ ಹತ್ತಿರ ತೆವಳಿ, ದಪ್ಪ ಇಕ್ಕಳದಿಂದ ಅಂಚು ಹಿಡಿದು ಹೊರಳಿಸಿ ನೋಡಿದರು. ಸಣ್ಣ ಇಕ್ಕಳವನ್ನು ಒಳಗೆ ತೂರಿಸಿ ಮೂಲೆ ಮೂಲೆ ತಡವಿದರು. ಮಾಗಡಿಯಲ್ಲಿ ನಮ್ಮ ಚಿಕ್ಕಪ್ಪ ಬಾಡಿಗೆ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ, ಗೋಡೆ ಬಡಿದು, ಬಚ್ಚಲು ಇಣುಕುತ್ತಿದ್ದ ಹಾಗೆಯೇ. ಮತ್ತೆ ಒಂದೇ ಸಲಕ್ಕೆ ತಿರುಗಿ ಸುರುಳಿ ಹೊಟ್ಟೆಯನ್ನು ಸರಕ್ಕನೆ ಒಳಗೆ ಸೇರಿಸಿದರು. ಮೈ ಒಂದಿಷ್ಟು ಜಗ್ಗಿ ಕೊಕ್ಕೆ ಸಿಕ್ಕಿಸಿಕೊಂಡರು. ಕೊನೆಗೆ ಒಳಕ್ಕೆ ಜಾರಿ ಆ ಎಡ ಇಕ್ಕಳ ಅಡ್ಡ ಇಟ್ಟರು. ಬಾಗಿಲು ಮುಚ್ಚಿತು, ಕೂದಲು ತೂರುವಷ್ಟೂ ಸಂದಿಯಿರಲಿಲ್ಲ. ಆಮಿನಾ ಚಪ್ಪಾಳೆ ತಟ್ಟಿದಳು. ನಾನೂ ರತ್ನನೂ ಒಬ್ಬರನ್ನೊಬ್ಬರು ನೋಡಿ, ತಪ್ಪಾಯಿತೆಂದು ಬೇರೆ ಕಡೆ ನೋಡಿದೆವು.

ಹೊರಡುವ ಹಿಂದಿನ ಸಂಜೆ

ದ್ವೀಪದಲ್ಲಿ ಸಂಜೆಯಾದರೆ ಎಲ್ಲರೂ ಹಗ್ಗ ಹೆಣೆದ ಜೋಲಿ ಕುರ್ಚಿಗಳಲ್ಲಿ ಸುಮ್ಮನೆ ಕೂರುತ್ತಾರೆ. ಅಲ್ಲಿ ಕೂತರೆ ಕೆಳಗೆ ಯಾರ ಮನೆಯೂ ಒಡೆಯುವುದಿಲ್ಲ ಎಂದು ನನಗೂ ಅದನ್ನೇ ಕೊಟ್ಟರು. ಬುದ್ಧಿಯವರನ್ನು ದಡದಲ್ಲಿ ಬಿಡಬೇಕೆಂದು ಬಕೆಟ್ ತಂದು, ಮನಸ್ಸಾದಾಗ ಹೊರಡಲಿ ಅಂತ ಅದನ್ನು ಮರಳಿನ ಮೇಲೆ ಅಡ್ಡ ಮಲಗಿಸಿ ಇಟ್ಟಿದ್ದೆವು. ಅವರು ಬಾಗಿಲು ಹಾಕಿಕೊಂಡು ಒಳಗಿದ್ದರು. ನಾನು ಬಕೆಟ್ಟಿನ ಪಕ್ಕ ಕೂತಿದ್ದೆ, ರತ್ನ ಆಚೆ ಕುರ್ಚಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತಿದ್ದಳು.

ಬೆಳಗಾದರೆ ದೋಣಿ, ಆಮೇಲೆ ವಿಮಾನ, ಆಮೇಲೆ ಅವಳು ಬೈರಾಪಟ್ಟಣಕ್ಕೆ ಲೇತ್ ಸಾಗಿಸುವುದು. ಏನಾದರೂ ಹೇಳಬೇಕು, ಹೇಗೆ ಶುರು ಮಾಡುವುದು ಅಂತ ಹೊಳೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಸಮುದ್ರ ನೋಡುತ್ತಲೇ ರತ್ನ ಅಂದಳು, "ಬುದ್ಧಿ, ಅವರನ್ನ ಒಂದ್ಮಾತು ಕೇಳಿ. ನಾನು ಹೊಂಟೋದ್ರೆ ಅವರಿಗೆ ಆರಾಮಾಯ್ತದಾ ಅಂತ."

ಉತ್ತರ ಕೊಡಲು ಬಕೆಟ್ ಕಡೆ ಬಗ್ಗಿದೆ. ಬಕೆಟ್ಟಿನಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಂದ ಒಂದು ಗೀಚು ಗೀಚು ಹೆಜ್ಜೆ ಗುರುತು ಪೊದೆ ಕಡೆ ಹೋಗಿತ್ತು. ರತ್ನ ತಿರುಗಿ ನೋಡಿರಲಿಲ್ಲ.

"ಆಗಕಿಲ್ಲ" ಅಂದೆ ನಾನು. "ಹೋಗ್ಬ್ಯಾಡ."

ಅವಳು ತಿರುಗಿ ಮೊದಲು ಖಾಲಿ ಬಕೆಟ್ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಯಾರಿಗಕ್ಕ ಹೇಳ್ತಿರೋದು?"

"ನಿಂಗೇ ಕಣೆ ರತ್ನ."